ಟ್ರೆಂಚ್ ಚಾಕುವಿನ ಹಿಡಿ ಬಿಚ್ಚಿದ್ದು

ಟಕ್.

ಉಕ್ಕಿನ ಒರೆಯೊಳಗೆ ಚಾಕು ಪೂರ್ತಿ ಇಳಿದಾಗ ಒಳಗಿನ ಸ್ಪ್ರಿಂಗ್ ಪಟ್ಟಿ ಅದನ್ನು ಹಿಡಿದುಕೊಳ್ಳುವ ಸದ್ದು. ಶಹಾಪುರದ ನನ್ನ ಮನೆಯಲ್ಲಿ, ಡೈನಿಂಗ್ ಟೇಬಲ್ಲಿಗೆ ಮೊಣಕೈ ಊರಿ ಕೂತು, ನನ್ನ ಗೆಳತಿ ಚಹಾ ಆರುವವರೆಗೂ ಅದನ್ನೇ ಮಾಡುತ್ತಿದ್ದಳು. ಎಳೆಯುವುದು, ತುರುಕುವುದು. ಟಕ್. ಮೊದಲನೇ ಮಹಾಯುದ್ಧದ ಸ್ಪ್ರಿಂಗ್ ಇನ್ನೂ ಜೀವ ಹಿಡಿದಿತ್ತು. ನನ್ನ ಚಾಕುವಿಗೆ ಇದ್ದದ್ದು ಚರ್ಮದ ಒರೆ. ಅದು ಎಂದೂ ಸದ್ದು ಮಾಡಿದ್ದಲ್ಲ.

“ಸಾಕ್ ಮಾಡ. ಸ್ಪ್ರಿಂಗ್ ಮುರಿತದ,” ಅಂದೆ.

“ಮುರೀಲಿ. ನಮ್ಮ ದಾದಾಂದು ಮುರಿತದ, ನಿಂದೇನ್ ಹೋಗ್ತದ?”

ಟಕ್.

ಆನೆಸ್ಟ್ಲಿ, ಐ ವಾಸ್ ಜೆಲಸ್. ಮುಚ್ಚಿಡುವಂಥದ್ದೇನಿಲ್ಲ. ಕಲಬುರ್ಗಿಯ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಒಂದೇ ಬೆಂಚಿನ ಮೇಲೆ ಕೂತ ಕಾಲದಿಂದಲೂ ಆಕೆಯ ಮೇಲೆ ನನಗೆ ಹೊಟ್ಟೆಕಿಚ್ಚು. ಆಕೆಯ ಹ್ಯಾಂಡ್‌ರೈಟಿಂಗ್ ಮೇಲೆ, ಎಣ್ಣೆ ಹಚ್ಚದೆಯೂ ಕೂರುತ್ತಿದ್ದ ಜಡೆಯ ಮೇಲೆ, ಕರ್ಚೀಫಿನ ಮೂಲೆಯಲ್ಲಿ ಆಕೆ ಹಾಕುತ್ತಿದ್ದ ಕಸೂತಿಯ ಮೇಲೆ. ಆದರೆ ಇವೆಲ್ಲ ಹುಡುಗಿಯರ ಹೊಟ್ಟೆಕಿಚ್ಚು, ಬಂದು ಹೋಗುವಂಥದ್ದು. ಚಾಕುವಿನದು ಹೋಗಲಿಲ್ಲ.

ನಮ್ಮಿಬ್ಬರ ಅಜ್ಜಂದಿರು, ಆಕೆಯ ದಾದಾ, ನನ್ನ ಮುತ್ಯಾ, ಸುರಪುರದ ಒಂದೇ ಓಣಿಯವರು. ಇಬ್ಬರೂ ಆ ಯುದ್ಧದಲ್ಲಿ ಹೇಸರಗತ್ತೆ ನಡೆಸುವ ಕೆಲಸಕ್ಕೆ ಸೇರಿ ಫ್ರಾನ್ಸಿಗೆ ಹೋದವರು. ಮದ್ದುಗುಂಡು, ನೀರು, ರೊಟ್ಟಿ ಹೇರಿದ ಹೇಸರಗತ್ತೆಗಳನ್ನು ಕೆಸರಿನಲ್ಲಿ ನಡೆಸಿ, ಇಬ್ಬರೂ ಜೀವಂತ ವಾಪಸು ಬಂದರು. ಜರ್ಮನರು ಬಿಟ್ಟುಹೋದ ಒಂದು ಕಂದಕದಲ್ಲಿ ಇಬ್ಬರಿಗೂ ಒಂದೊಂದು ಚಾಕು ಸಿಕ್ಕಿತು ಅಂತ ನಮ್ಮ ಮನೆಯ ಮಾತು. ಮುತ್ಯಾನೇ ಹೇಳುತ್ತಿದ್ದ, ಕೆಸರು ಎಷ್ಟು ಆಳ ಇತ್ತು ಅಂತ ತೊಡೆ ಮುಟ್ಟಿ ತೋರಿಸಿ.

ಕಂದಕದ ಯುದ್ಧಕ್ಕೆ ಉದ್ದನೆಯ ಬಂದೂಕು, ಅದರ ತುದಿಯ ಉದ್ದನೆಯ ಬಯೊನೆಟ್ ಎರಡೂ ಅಡ್ಡಿ. ಎದೆ ಅಗಲದ ಕಾಲುವೆಯಲ್ಲಿ ಎದುರಾದವನ ಮೇಲೆ ಅದನ್ನು ತಿರುಗಿಸಲಿಕ್ಕೇ ಜಾಗ ಇಲ್ಲ. ಹಾಗಾಗಿ ಸಿಪಾಯಿಗಳು ತಾವೇ ಚಾಕು ಮಾಡಿಕೊಂಡರು. ಮುಳ್ಳುತಂತಿ ಕಟ್ಟುವ ಕಬ್ಬಿಣದ ಗೂಟ ಬಗ್ಗಿಸಿ ಮಾಡಿದರು, ಮುರಿದ ಬಯೊನೆಟ್ ಕತ್ತರಿಸಿ ಮಾಡಿದರು, ಕಬ್ಬಿಣ ಉಜ್ಜುವ ಹಳೇ ಅರವನ್ನು ಬಡಿದು ಮಾಡಿದರು. ಆಮೇಲೆ ಸರ್ಕಾರಗಳು ಎಚ್ಚೆತ್ತು ಕಾರ್ಖಾನೆಯಲ್ಲಿ ಮಾಡಿಸಿದವು. ಅಮೆರಿಕದವರದ್ದಕ್ಕೆ ಬೆರಳು ತೂರಿಸುವ ಹಿತ್ತಾಳೆಯ ಮುಷ್ಟಿ. ಜರ್ಮನರದ್ದು ಸರಳ: ಗೇಣಿಗಿಂತ ಚಿಕ್ಕ ಅಲಗು, ಓರೆ ಗೀರುಗಳಿರುವ ಮರದ ಹಿಡಿ, ಕರಿ ಬಣ್ಣದ ಉಕ್ಕಿನ ಒರೆ. ಅಲಗಿನ ಬುಡದಲ್ಲಿ ಅಥವಾ ಹಿಡಿಯ ಮೇಲಿನ ಅಡ್ಡಪಟ್ಟಿಯಲ್ಲಿ ಒಂದು ಪುಟ್ಟ ಕಿರೀಟ, ಅದರ ಕೆಳಗೆ ಒಂದು ಅಕ್ಷರ. ಅದು ಸರ್ಕಾರ ಪರೀಕ್ಷೆ ಮಾಡಿ ಒಪ್ಪಿಕೊಂಡ ಮುದ್ರೆ. ಹಳೇ ಆಯುಧ ಕೂಡಿಡುವ ಕಲೆಕ್ಟರ್‌ಗಳು ಭೂತಗನ್ನಡಿ ಹಿಡಿದು ಮೊದಲು ಹುಡುಕುವುದು ಅದನ್ನೇ.

ನನ್ನ ಹತ್ತಿರ ಇಂಥವು ನಾಲ್ಕೈದು ಇವೆ. ಕೊಂಡದ್ದು, ಬದಲಿ ಮಾಡಿದ್ದು. ಅವು ಹವ್ಯಾಸ. ಮುತ್ಯಾನ ಚಾಕು ಬೇರೆ. ಅದಕ್ಕೆ ಕಿರೀಟ ಇರಲಿಲ್ಲ.

ಯಾಕಿಲ್ಲ ಅನ್ನುವುದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದೆ. ಪ್ರತಿ ವರ್ಷ ಖಂಡೆ ನವಮಿಯ ಆಯುಧಪೂಜೆಗೆ ನಮ್ಮಮ್ಮ, ಆಕೆಗಿಂತ ಮುಂಚೆ ನಮ್ಮಾಯಿ, ಕುಡಗೋಲು ಕೊಡಲಿಗಳ ಜೊತೆ ಆ ಚಾಕುವನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ತಾಟಿನ ಹಾಗೆ ಬೆಳಗಿಸಿ, ವಿಭೂತಿ ಎಳೆದು ಚೆಂಡುಹೂವು ಇಡುತ್ತಿದ್ದರು. ಅಷ್ಟು ವರ್ಷದ ಹುಣಸೆಯ ಹುಳಿಗೆ ಯಾವ ಕೈಸರನ ಕಿರೀಟ ಉಳಿದೀತು? ಕೆಮಿಸ್ಟ್ರಿ ಕಲಿಸಿದವಳು ನಾನು. ಆ ವಿವರಣೆ ನನಗೆ ಸರಿಯೆನಿಸಿತ್ತು. ಗೆಳತಿಯ ಮನೆಯಲ್ಲಿ ಪೂಜೆಯಿಲ್ಲ, ತಿಕ್ಕುವುದಿಲ್ಲ. ಆಕೆಯ ದಾದಾ ಎಣ್ಣೆ ಅರಿವೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದ್ದು ಹಾಗೇ ಇತ್ತು. ಏನೂ ಮಾಡದೆ ಇದ್ದದ್ದಕ್ಕೇ ಆಕೆಗೆ ಎಲ್ಲ ಉಳಿದಿತ್ತು. ಇದಕ್ಕಿಂತ ಅನ್ಯಾಯ ಇನ್ನೇನು?

ಯಾದಗಿರಿಯಲ್ಲಿ ಒಬ್ಬ ರಿಟೈರ್ಡ್ ಸುಬೇದಾರರು ಈ ಜಿಲ್ಲೆಯ ಸಿಪಾಯಿಗಳ ಬಗ್ಗೆ ಎಕ್ಸಿಬಿಷನ್ ಮಾಡಲು ಹೊರಟಿದ್ದರು. ಕಾಲೇಜಿನ ಹಾಲ್ ಸಿಕ್ಕಿತ್ತು. ಫೋಟೋ, ಮೆಡಲ್, ಹಳೇ ಯೂನಿಫಾರ್ಮ್ ಇವೆಲ್ಲ ತೆರೆದ ಟೇಬಲ್ಲಿನ ಮೇಲೆ. ಆದರೆ ಅಲಗಿರುವ ವಸ್ತು ಬೀಗದೊಳಗೇ ಇರಬೇಕು, ಬೀಗ ಇದ್ದ ಗಾಜಿನ ಪೆಟ್ಟಿಗೆ ಒಂದೇ, ಅದೂ ಚಿಕ್ಕದು. “ಒಂದಾ ಚಾಕು ಇಡೋಣ್ರಿ ಮೇಡಂ, ಸುತ್ತ ಜಾಗ ಬಿಟ್ಟು, ಡೀಸೆಂಟಾಗಿ,” ಅಂದರು. ನನ್ನದು, ಗೆಳತಿಯದು ಎರಡನ್ನೂ ಪರೀಕ್ಷಿಸಿ, ಹದಗೊಳಿಸಿ, ಎರಡಕ್ಕೂ ಕಾರ್ಡ್ ಬರೆಯುವ ಕೆಲಸ ನನಗೆ. ಆರಿಸುವುದು ಅವರು. ಯಾವ ಅಜ್ಜನ ಹೆಸರು ಗಾಜಿನೊಳಗೆ ಕೂರಬೇಕು ಅನ್ನುವುದು ಆ ಆಯ್ಕೆಯ ಮೇಲೆ ನಿಂತಿತು. ನನಗೆ ಮುತ್ಯಾನದು ಕೂರಬೇಕಾಗಿತ್ತು. ಇದನ್ನೂ ಮುಚ್ಚಿಡುವುದಿಲ್ಲ.

ಅದಕ್ಕೇ ಗೆಳತಿ ಸುರಪುರದಿಂದ ಬಂದು ನನ್ನ ಟೇಬಲ್ ಮೇಲೆ ಟಕ್ ಅನ್ನಿಸುತ್ತಿದ್ದದ್ದು.

“ಪ್ರೊಫೆಸರ್ ಬಾಯಿ, ಚಂದಂಗ ಮಾಡಿ ಕೊಡು. ನಿಮ್ಮಂಗ ಹುಣಸಿಹಣ್ಣು ಗಿಣಸಿಹಣ್ಣು ಹಚ್ಚೀ ಮತ್ತ,” ಅಂದು ಹೋದಳು.

ಆಕೆಯ ಚಾಕುವಿನ ಮೇಲೆ ಕೈಯಿಟ್ಟಾಗ ಮೊದಲು ನಾನು ಏನೂ ಮಾಡಲಿಲ್ಲ. ಈ ಕೆಲಸದಲ್ಲಿ ಅದೇ ಮೊದಲ ಪಾಠ. ಕಂದು-ಕಪ್ಪು ಪೊರೆ, ಕಲೆಕ್ಟರ್‌ಗಳು ಪ್ಯಾಟಿನಾ ಅನ್ನುವುದು, ಉಕ್ಕು ತನ್ನಷ್ಟಕ್ಕೆ ತಾನೇ ವರ್ಷಗಟ್ಟಲೆ ಹೊದ್ದುಕೊಂಡ ಹೊದಿಕೆ. ಅದನ್ನು ಕಿತ್ತರೆ ಅಲಗು ಹೊಳೆಯುತ್ತದೆ, ವಯಸ್ಸು ಹೋಗುತ್ತದೆ. ಕೆಂಪು ತುಕ್ಕು ಮಾತ್ರ ತಿನ್ನುವಂಥದ್ದು, ಅದನ್ನು ತೆಗೆಯಬೇಕು. ತೆಳ್ಳನೆಯ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಬಿದಿರಿನ ಕಡ್ಡಿಯ ತುದಿಯಿಂದ ಒಂದೊಂದೇ ತುಣುಕು ಎಬ್ಬಿಸಿದೆ. ಸ್ಯಾಂಡ್‌ಪೇಪರ್ ಮುಟ್ಟಲಿಲ್ಲ. ಹತ್ತಿಯಿಂದ ಒರೆಸಿ, ಕೊನೆಗೆ ಮೇಣದ ತೆಳು ಲೇಪ. ಒರೆಯ ಮೇಲಿನ ಕರಿ ಬಣ್ಣ ಹಪ್ಪಳೆ ಏಳುತ್ತಿದ್ದ ಕಡೆ ಬ್ರಷ್ಷಿನಿಂದ ಅಂಟು ಹನಿಸಿ ಕೂರಿಸಿದೆ.

ಅಡ್ಡಪಟ್ಟಿಯ ಮೇಲಿನ ಕೊಳೆ ಸಡಿಲಾದಾಗ ಕಿರೀಟ ಕಂಡಿತು. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಭೂತಗನ್ನಡಿಯಲ್ಲಿ ಅದರ ಮೇಲಿನ ಶಿಲುಬೆ ಕೂಡ ಕಂಡಿತು.

ನಾನು ಗ್ಲೌಸ್ ಬಿಚ್ಚಿಟ್ಟು ಹಿತ್ತಲಿಗೆ ಹೋಗಿ, ನೀರು ಬೇಡದ ಗಿಡಗಳಿಗೆಲ್ಲ ನೀರು ಹಾಕಿ ಬಂದೆ.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಳತೆ ಒಂದೇ. ವರ್ನಿಯರ್ ಹಿಡಿದರೆ ಕೂದಲೆಳೆಯ ಫರಕು. ಆಕೆಯ ಹಿಡಿಗಿಂತ ನನ್ನದರಲ್ಲಿ ಒಂದು ಗೀರು ಕಡಿಮೆ. ಬೇರೆ ಕಾರ್ಖಾನೆ ಇರಬೇಕು ಅಂತ ಟಿಪ್ಪಣಿ ಮಾಡಿಕೊಂಡೆ.

ಸುಬೇದಾರರು ಬಂದು ನೋಡಿದರು. ಆಕೆಯದನ್ನು ಎತ್ತಿ, ತಿರುಗಿಸಿ, ಮೂಗಿನ ಹತ್ತಿರ ತಂದರು. “ಇದು ತುಕ್ಕ ಹಿಡದಂಗ ಕಾಣ್ತದಲ್ರಿ.” ನನ್ನದನ್ನು ಎತ್ತಿದರು. ಕಿಟಕಿಯ ಬಿಸಿಲು ಅಲಗಿನಿಂದ ಅವರ ಗಲ್ಲದ ಮೇಲೆ ಹಾರಿತು. “ಇದು! ಇದು ಚಾಕು ಅನಸ್ತದ. ಮಂದಿ ನೋಡಿದ ಕೂಡ್ಲೇ ಸೆಲ್ಯೂಟ್ ಹೊಡೀಬೇಕು. ಇದನ್ನಾ ಫಿಕ್ಸ್ ಮಾಡ್ರಿ ಮೇಡಂ.”

ಫೋನ್ ಮಾಡಿ ಗೆಳತಿಗೆ ಹೇಳಿದೆ. ನನ್ನ ದನಿಯಲ್ಲಿ ಬೇಸರ ತುಂಬಿಕೊಂಡು ಹೇಳಿದೆ.

“ಮುಬಾರಕ್,” ಅಂದಳು. “ಹುಣಸಿಹಣ್ಣು ಗೆದ್ದದ ನೋಡು.”

ಗೆದ್ದೆ. ಆದರೆ ಕಾರ್ಡ್ ಬರೆಯಲು ಕೂತಾಗ ಪೆನ್ನು ನಿಂತಿತು. ‘ಜರ್ಮನ್ ಸೈನ್ಯದ ಕಂದಕ ಚಾಕು’ ಅಂತ ಬರೆಯಲು ಆಧಾರ ಯಾವುದು? ಮನೆಯ ಮಾತು ಮತ್ತು ಅಳತೆ. ಸುಬೇದಾರರು ಫೋಟೋವನ್ನು ಹೈದರಾಬಾದಿನ ಒಬ್ಬ ಆಯುಧ ಕಲೆಕ್ಟರ್‌ಗೆ ವಾಟ್ಸಪ್ ಮಾಡಿದ್ದರು. ಅವನು ಒಂದೇ ಪ್ರಶ್ನೆ ಕೇಳಿದ್ದ: ಮುದ್ರೆ ಎಲ್ಲಿ? ಗೆಳತಿಯ ಕಿರೀಟ ನನ್ನ ಕಣ್ಣಲ್ಲೇ ಕೂತಿತ್ತು. ನನಗೂ ಒಂದು ಬೇಕಾಯಿತು.

ಮುದ್ರೆ ಒತ್ತಿದಾಗ ಅದರ ಕೆಳಗಿನ ಲೋಹವೂ ಅಮುಕಿಕೊಂಡಿರುತ್ತದೆ. ಮೇಲಿನ ಗುರುತು ಸವೆದರೂ ಒಳಗಿನ ಒತ್ತು ಹೋಗುವುದಿಲ್ಲ. ದುರ್ಬಲ ಆಸಿಡ್ ಹಚ್ಚಿದರೆ ಆ ಜಾಗ ಬೇರೆ ರೀತಿ ಬಣ್ಣ ತಿರುಗುತ್ತದೆ. ಅಳಿಸಿದ ಎಂಜಿನ್ ನಂಬರನ್ನು ಓದುವವರೂ ಹೀಗೆಯೇ ಓದುವುದು. ಸ್ಪಿರಿಟ್ಟಿನಲ್ಲಿ ನೈಟ್ರಿಕ್ ಆಸಿಡ್ಡಿನ ಕೆಲವೇ ಹನಿ ಬೆರೆಸಿ, ಹತ್ತಿಯಿಂದ ಅಲಗಿನ ಬುಡಕ್ಕೆ ಸವರಿ ಕಾದೆ. ಕಿರೀಟ ಏಳಲಿಲ್ಲ. ಇನ್ನೊಮ್ಮೆ. ಈ ಸಲ ಬೂದು ನೆರಳಿನಲ್ಲಿ ಏನೋ ಎದ್ದಿತು, ಚೌಕಳಿ ಪಂಚೆಯ ಹಾಗೆ ಅಡ್ಡಾದಿಡ್ಡಿ ಗೆರೆ. ಆಸಿಡ್ ಹರಿದದ್ದೋ, ಹತ್ತಿಯ ಗುರುತೋ ಅಂತ ಸೋಡಾ ನೀರಿನಿಂದ ತೊಳೆದು ಒರೆಸಿಬಿಟ್ಟೆ. ಬುಡದಲ್ಲಿ ಒಂದು ಮಂಕು ಕಲೆ ಉಳಿಯಿತು. ಹೊಳಪು ಕೆಟ್ಟಿತು.

ಉಳಿದದ್ದು ಒಂದೇ ಜಾಗ, ಹಿಡಿಯ ಒಳಗೆ. ಅಲಗಿನ ಬಾಲ ಮರದ ಎರಡು ಹೋಳುಗಳ ನಡುವೆ ಹೂತಿರುತ್ತದೆ. ಅಲ್ಲಿಗೆ ಹುಣಸೆಯೂ ಇಲ್ಲ, ಬೂದಿಯೂ ಇಲ್ಲ. ಆದರೆ ರಿವೆಟ್ ಒಡೆಯದೆ ಹಿಡಿ ಬಿಚ್ಚುವ ಹಾಗಿಲ್ಲ, ಒಡೆದ ಮೇಲೆ ಅದು ಮೊದಲಿನ ಚಾಕು ಆಗುವುದಿಲ್ಲ. ಕಲೆಕ್ಟರ್‌ಗಳ ಪೈಕಿ ಇದನ್ನು ಯಾರೂ ಮಾಡುವುದಿಲ್ಲ. ಐ ಡಿಡ್ ಇಟ್. ಬಸ್ ಸ್ಟ್ಯಾಂಡ್ ಹತ್ತಿರದ ಲೇಥ್ ಅಂಗಡಿಗೆ ಒಯ್ದೆ.

“ಬಾಯಾರ, ಮುತ್ಯಾನ ಸಾಮಾನು ಅಂತೀರಿ, ಡ್ರಿಲ್ ಹಾಕು ಅಂತೀರಿ,” ಅಂದ ಅಂಗಡಿಯವನು. “ನಾಳಿ ನನ್ನ ಹೆಸರು ಹೇಳಬ್ಯಾಡ್ರಿ ಮತ್ತ.”

“ನೀ ರಿವೆಟ್ಟಿನ ತಲಿ ಅಷ್ಟಾ ತೆಗಿ. ಮರಕ್ಕ ತಾಗಸಬ್ಯಾಡ.”

ಮರದ ಹೋಳು ಕಳಚಿ ಬಂತು. ಒಳಗೆ ಕಿರೀಟ ಇರಲಿಲ್ಲ. ಉಕ್ಕಿನ ಬಾಲದ ತುಂಬ ಅರದ ಹಲ್ಲುಗಳಿದ್ದವು, ಅಡ್ಡಾದಿಡ್ಡಿ, ಚೂಪಾಗಿ, ನಿನ್ನೆ ಕೊಂಡ ಹಾಗೆ. ಹಳೇ ಅರವೊಂದನ್ನು ಕಾಸಿ ಬಡಿದು ಅಲಗು ಮಾಡಿದ್ದ ಕಮ್ಮಾರ, ಹಿಡಿಯೊಳಗೆ ಮುಚ್ಚುವ ಭಾಗವನ್ನು ಉಜ್ಜುವ ಗೋಜಿಗೆ ಹೋಗಿರಲಿಲ್ಲ.

ಆಸೆ ಅನ್ನುವುದು ಎಷ್ಟು ಹಟಮಾರಿ ನೋಡಿ. ಯುದ್ಧದಲ್ಲೂ ಅರದಿಂದ ಚಾಕು ಮಾಡಿಕೊಂಡಿದ್ದರಲ್ಲ, ಫ್ರಾನ್ಸಿನ ಕಂದಕದ ಹಿಂದೆ ಯಾವನೋ ಸಿಪಾಯಿ ಮಾಡಿದ್ದಿರಬಹುದು, ಹಾಗಿದ್ದರೆ ಗೆಳತಿಯದಕ್ಕಿಂತ ಇದೇ ಅಪರೂಪ, ಅಂತ ಅಲ್ಲೇ ಸ್ಟೂಲ್ ಮೇಲೆ ಕೂತು ಲೆಕ್ಕ ಹಾಕಿದೆ. ಆಗ ಅಂಗಡಿಯವನು ಎರಡನೇ ಹೋಳು ಬಿಡಿಸಿದ. ರಿವೆಟ್ಟಿನ ಅಡಿ ವಾಷರ್ ಬದಲು ಒಂದು ದುಡ್ಡು ಕೂರಿಸಿದ್ದರು. ನಡುವೆ ತೂತಿರುವ ನಿಜಾಮರ ಎರಡು ಪೈ. ಆ ತೂತಿನ ದುಡ್ಡು ಬಂದದ್ದು ಎರಡನೇ ಮಹಾಯುದ್ಧದ ಕಾಲಕ್ಕೆ. ಮುತ್ಯಾ ಫ್ರಾನ್ಸಿನಿಂದ ಬಂದು ಅಷ್ಟರಲ್ಲಿ ಮೊಮ್ಮಕ್ಕಳನ್ನು ಕಂಡಿದ್ದ. ಆಮೇಲೆ ರಿಪೇರಿ ಮಾಡಿಸಿದ್ದು ಅನ್ನಲಿಕ್ಕೂ ಇಲ್ಲ. ಬಾಲದ ತೂತು ಉಕ್ಕು ಕೆಂಪಗಿದ್ದಾಗಲೇ ಹೊಡೆದದ್ದು, ಅಂಚು ಉಬ್ಬಿತ್ತು, ಬೇರೆ ತೂತು ಇರಲಿಲ್ಲ. ಮರ ನಮ್ಮ ಜಾಲಿಯದು.

ಚೂರುಗಳನ್ನು ಟವೆಲ್ಲಿನಲ್ಲಿ ಸುತ್ತಿ, ಮನೆಗೆ ಹೋಗದೆ ನೇರ ಸುರಪುರದ ಬಸ್ ಹತ್ತಿದೆ.

ಗೆಳತಿ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನನ್ನ ಮುಖ ನೋಡಿದಳು, ಕೈಯ ಟವೆಲ್ ನೋಡಿದಳು.

“ಬಿಚ್ಚಿದೇನ?” ಅಂದಳು.

ನಾನಿನ್ನೂ ಟವೆಲ್ ಬಿಡಿಸಿರಲಿಲ್ಲ.

“ನಿನಗ ಗೊತ್ತಿತ್ತು.”

“ಹೂಂ.”

“ಯಾವಾಗಿಂದ?”

“ಸಣ್ಣಾಕಿ ಇದ್ದಾಗಿಂದ. ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತು. ಬೆಕ್ಕಿಗೂ ಗೊತ್ತು. ಕೂಡು, ಮೆಣಸಿನಕಾಯಿ ಕೈ ಕಣ್ಣಿಗೆ ಹಚಗೋಬ್ಯಾಡ.”

“ಮತ್ತ ನನ್ನ ಮುಂದ ಯಾಕ ಹೇಳಲಿಲ್ಲ? ಬೋರ್ಡಿಂಗಿನಾಗ ನಾ ಅಷ್ಟು ಹೇಳಕೋತ ಅಡ್ಡಾಡುವಾಗ?”

“ದಾದಾ ಎಲ್ಲಾರ ಕಡಿಂದ ಮಾತ ತಗೊಂಡಿದ್ದ. ನಿಮ್ಮ ಮನಿಗೆ ತಿಳೀಬಾರ್ದು ಅಂತ.” ತೊಟ್ಟು ಬಿಡಿಸುವುದನ್ನು ಆಕೆ ನಿಲ್ಲಿಸಲಿಲ್ಲ. “ನಿಜಾಮನ್ನ ಇಳಸಾಕ ಫೌಜ್ ಬಂದು ಪೊಲೀಸ್ ಆಕ್ಷನ್ ಆತಲ್ಲ, ಆವಾಗ ಮನ್ಯಾಗ ಹತಾರ ಇದ್ರ ಒಪ್ಪಸ್ರಿ ಅಂತ ಡಂಗುರ ಹೊಡದ್ರಂತ. ದಾದಾಗ ಒಪ್ಪಸಾಕ ಮನಸಿಲ್ಲ, ಇಟಗೊಳ್ಳಾಕ ಧೈರ್ಯ ಇಲ್ಲ. ನಮ್ಮಂಥ ಮುಸಲ್ಮಾನರ ಮನಿ ನೋಡು, ಅಂಜಿಕಿ. ನಿಮ್ಮ ಮುತ್ಯಾ ಬಂದ. ‘ಕೊಡೋ ಇಲ್ಲಿ’ ಅಂತ ಧೋತರದಾಗ ಮುಚಗೊಂಡು ಒಯ್ದ. ನಿಮ್ಮ ಜೋಳದ ಹಗೇವಿನಾಗ ಇಟ್ಟಿದ್ನಂತ, ಕಾಳಿನ ತಳಕ್ಕ. ಸಿಕ್ಕಿದ್ರ ಅವಂದೂ ಕುತ್ತಿಗಿ.”

“ಆಮ್ಯಾಲ?”

“ಆಮ್ಯಾಲೇನ್? ಎಲ್ಲಾ ತಣ್ಣಗಾತು. ತಂದು ಕೊಟ್ಟ. ಕೊಡುವಾಗ ಅತ್ತನಂತ. ಯಾಕೋ ಅಂದ್ರ, ‘ಇದ್ರಂಗ ಒಂದು ಮಾಡಿಸ್ಕೊಂಡೀನಿ, ಸಿಟ್ಟಾಗಬ್ಯಾಡ’ ಅಂದನಂತ. ನಮ್ಮ ದಾದಾಗ ಆಗಲೇ ಕಣ್ಣ ಮಂಜು. ಅಸಲಿ ಇಟಗೊಂಡು ನಕಲಿ ಕೊಟ್ಟಿದ್ರ ಏನ್ ತಿಳೀತಿತ್ತು ಅವಗ? ದಾದಾ ಸಾಯೂತನಾ ಅಂತಿದ್ದ, ನನ್ನ ದೋಸ್ತ ಕೈಯಾಗ ಬಂದಿದ್ದು ಕೊಟ್ಟಾನ ಅಂತ.”

ನಾನು ಟವೆಲ್ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಚಾಕು ಸುಳ್ಳಾದದ್ದಕ್ಕೆ ನನಗೆ ಅಷ್ಟು ನೋವಾಗಲಿಲ್ಲ. ನಮ್ಮ ಮುತ್ಯಾ ತನ್ನ ಜನ್ಮದಲ್ಲಿ ಮಾಡಿದ ಅತಿ ದೊಡ್ಡ ಕೆಲಸ ಆಕೆಯ ಮನೆಯಲ್ಲಿತ್ತು. ಆಕೆ ಅದನ್ನು ಕೇಳುತ್ತ ಬೆಳೆದಿದ್ದಳು, ಊಟಕ್ಕೆ ಕೂತಾಗ, ಮಲಗುವಾಗ. ನನಗೆ ಆತ ಕೊಟ್ಟದ್ದು ತೊಡೆಮಟ್ಟದ ಕೆಸರಿನ ಕಥೆ. ಕಿರೀಟದ ಮುದ್ರೆ ಆಕೆಗೆ ಇದ್ದರೆ ಇರಲಿ ಬಿಡಿ. ನನ್ನ ಅಜ್ಜನೂ ಆಕೆಗೇ ಸಿಕ್ಕಿದ್ದನಲ್ಲ!

“ಹಿಂಗ್ಯಾಕ ಮಾರಿ ಮಾಡಕತ್ತೀ?” ಅಂದಳು. “ನಿಂದಾ ಇಡು ಪೆಟಿಗ್ಯಾಗ. ಹಿಡಿ ಕೂಡಿಸಿದ್ರ ಯಾರಿಗೆ ತಿಳೀತದ? ಇಷ್ಟ ವರ್ಷ ನಾ ಬಾಯಿ ಬಿಟ್ಟೀನೇನು? ನನಗೇನ್ ಬೇಕಾಗಿಲ್ಲವಾ.”

ನಿಜವಾಗಿಯೂ ಆಕೆಗೆ ಬೇಕಾಗಿರಲಿಲ್ಲ. ಅದು ಮುಖದಲ್ಲೇ ಕಾಣುತ್ತಿತ್ತು. ನನಗೆ ಆ ಗಾಜಿನ ಪೆಟ್ಟಿಗೆ ಎಷ್ಟು ಬೇಕಾಗಿತ್ತೋ ಅಷ್ಟೇ ಸಲೀಸಾಗಿ ಆಕೆ ಅದನ್ನು ನನ್ನ ಕಡೆ ತಳ್ಳಿದಳು, ಮೆಣಸಿನಕಾಯಿಯ ಮೊರ ತಳ್ಳಿದ ಹಾಗೆ.

ಬಸ್ಸಿನಲ್ಲಿ ವಾಪಸು ಬರುವಾಗ ಮನಸ್ಸು ಮಾಡಿದೆ. ಇದನ್ನು ಪ್ರಾಮಾಣಿಕತೆ ಅಂತ ಕರೆದು ನನಗೆ ಮಾರ್ಕ್ಸ್ ಕೊಡಬೇಡಿ. ಆಕೆ ದಾನ ಕೊಟ್ಟ ಜಾಗದಲ್ಲಿ ಮುತ್ಯಾನನ್ನು ಕೂರಿಸಲು ನನಗೆ ಆಗಲಿಲ್ಲ, ಅಷ್ಟೇ. ಔದಾರ್ಯದಲ್ಲೂ ಆಕೆಯೇ ಮುಂದೆ ಹೋಗುವುದನ್ನು ಸಹಿಸಲು ಆಗಲಿಲ್ಲ.

ಸುಬೇದಾರರಿಗೆ ಹೇಳಿದಾಗ ಅವರು ತಲೆ ಹಿಡಿದುಕೊಂಡರು. “ಮೇಡಂ, ಪೆಟಿಗ್ಯಾಗ ಮಖಮಲ್ ಹಾಸೀನ್ರಿ. ಪಬ್ಲಿಕ್‌ಗೆ ಏನ್ ತಿಳೀತದ ಅಸಲಿ ನಕಲಿ? ಸುರಪುರದಾಗ ಮಾಡಿದ್ದಾದ್ರೂ ಚಾಕು ಚಾಕುನಾ ಅಲ್ರಿ?”

“ಕಂದಕ ಕಂಡಿದ್ದು ಅದೊಂದಾ ರೀ. ಅದನ್ನಾ ಇಡ್ರಿ.”

“ಹಂಗಾದ್ರ ಸ್ವಲ್ಪ ಪಾಲಿಶರ ಮಾಡ್ರಿ. ನನ್ನ ಕಡೆ ಬ್ರಾಸೋ ಅದ.”

“ಕೈ ಹಚ್ಚಿದ್ರ ನೋಡ್ರಿ,” ಅಂದೆ. ಕ್ಲಾಸಿನಲ್ಲಿ ಬ್ಯೂರೆಟ್ ಮುಟ್ಟುವವರಿಗೆ ಬಳಸುತ್ತಿದ್ದ ದನಿ ಅದು. ಅವರು ಬ್ರಾಸೋ ಒಳಗಿಟ್ಟರು.

ಗಾಜಿನೊಳಗೆ ತೇವ ಹೀರುವ ಸಿಲಿಕಾ ಪೊಟ್ಟಣವನ್ನು ಮಖಮಲ್ಲಿನ ಅಡಿ ಬಚ್ಚಿಟ್ಟೆ. ಮಖಮಲ್ಲಿನ ಬಣ್ಣ ಉಕ್ಕಿಗೆ ತಾಗದಂತೆ ತೆಳು ಪಾರದರ್ಶಕ ಹಾಳೆ ಹಾಸಿದೆ. ಚಾಕುವನ್ನು ಒರೆಯಿಂದ ತೆಗೆದು ಓರೆಯಾಗಿ, ಕಿರೀಟ ಬೆಳಕಿಗೆ ಬರುವ ಹಾಗೆ ಮಲಗಿಸಿದೆ. ಕಾರ್ಡ್ ನನ್ನ ಕೈಬರಹದ್ದು. ಯಾವ ಸೈನ್ಯದ್ದು, ಮುದ್ರೆಯ ಅರ್ಥ, ಯಾರಿಗೆ ಸಿಕ್ಕಿತು. ಆಕೆಯ ದಾದಾನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದೆ. ಬರೆಯುವಾಗ ಹಲ್ಲು ಕಚ್ಚಿದ್ದೆ ಅನ್ನುವುದು ಕಾರ್ಡ್ ನೋಡಿದವರಿಗೆ ತಿಳಿಯುವುದಿಲ್ಲ.

ಎಕ್ಸಿಬಿಷನ್ ದಿನ ಗೆಳತಿ ತಡವಾಗಿ ಬಂದಳು. ಮಗಳ ಜೊತೆ ಅಲ್ಲಿಂದಲೇ ಹೈದರಾಬಾದಿಗೆ ಹೊರಟಿದ್ದಳು, ಏನೋ ಹಾರ್ಟಿನ ಟೆಸ್ಟ್ ಅಂದಿದ್ದಳು, “ಸುಮ್ನ, ಮಗಳ ಸಮಾಧಾನಕ್ಕ.” ನಾನು ಹಾಲಿನ ಆ ತುದಿಯಲ್ಲಿ ಮೆಡಲ್‌ಗಳ ಟೇಬಲ್ ಹತ್ತಿರ ಇದ್ದೆ. ನೋಡಿದರೆ ಗಾಜಿನ ಪೆಟ್ಟಿಗೆಯ ಸುತ್ತ ಕಾಲೇಜು ಹುಡುಗಿಯರ ಗುಂಪು, ನಡುವೆ ಆಕೆ. ನನ್ನ ಕಾರ್ಡ್ ಯಾರೂ ಓದುತ್ತಿರಲಿಲ್ಲ.

“ಇದೇನ್ ದೊಡ್ಡದಲ್ಲ ತಗೋರಿ. ಇದು ಕೆಸರಿನಾಗ ಬಿದ್ದಿತ್ತು, ನಮ್ಮ ದಾದಾ ಬಗ್ಗಿ ಎತಗೊಂಡ,” ಅನ್ನುತ್ತಿದ್ದಳು. “ಇದ್ರ ಜೋಡಿ ಒಂದು ಅದ. ಅದು ಸಿಕ್ಕಿದ್ದಲ್ಲ. ಒಬ್ಬಾತ ದೋಸ್ತನ ಚಾಕು ಹಗೇವಿನಾಗ ಮುಚ್ಚಿಟ್ಟು, ದಿನಾ ತಗದು ನೋಡಿ ನೋಡಿ, ವಾಪಸ್ ಕೊಡೋದಕ್ಕ ಕರಳ ಬರಲಾರ್ದಾ…”

ಹಗೇವಿನ ಕಥೆ, ಅರದ ಕಥೆ, ತೂತಿನ ದುಡ್ಡಿನ ಕಥೆ, ಎಲ್ಲ ಹೇಳಿದಳು. ಅರ ಮತ್ತು ದುಡ್ಡು ನಾನು ಕಂಡುಹಿಡಿದು ಆಕೆಗೆ ತೋರಿಸಿದ್ದು. ಆದರೆ ಆಕೆಯ ಬಾಯಲ್ಲಿ ಮುತ್ಯಾ ಎದ್ದು ನಿಂತ, ಧೋತರದ ಚುಂಗು ಸಮೇತ. ಒಬ್ಬ ಹುಡುಗಿ ಕಣ್ಣೊರೆಸಿಕೊಂಡಳು. ನನ್ನ ಮುತ್ಯಾನ ಕಥೆಯನ್ನು ನಾನು ಎಂದೂ ಅಷ್ಟು ಚಂದ ಹೇಳಿರಲಿಲ್ಲ, ಇನ್ನು ಹೇಳುವುದೂ ಇಲ್ಲ.

“ಅದೆಲ್ಲದ್ರೀ ಅಮ್ಮಾ, ಆ ಚಾಕು?” ಅಂತ ಕೇಳಿದರು.

“ಅಗೋ, ಆ ಕನ್ನಡಕದ ಬಾಯಿ ಕಡೆ ಅದ. ಕೇಳ್ರಿ ಹೋಗ್ರಿ. ಭಾಳ ಬಿಗಿ ಅದಾಳ, ಸಲೀಸ ತೋರಿಸಂಗಿಲ್ಲ.”

ಗುಂಪೆಲ್ಲ ನನ್ನ ಕಡೆ ತಿರುಗಿ ಬಂತು. ಮನೆಯಲ್ಲಿದೆ, ಬಿಚ್ಚಿದ್ದು ಇನ್ನೂ ಕೂಡಿಸಿಲ್ಲ, ಹೌದು, ಶಹಾಪುರಕ್ಕೆ ಬಂದರೆ ತೋರಿಸುತ್ತೇನೆ ಅಂತ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದೆ. ಅವರ ತಲೆಗಳ ಮೇಲಿಂದ ನೋಡಿದಾಗ ಆಕೆ ಬಾಗಿಲ ಹತ್ತಿರ ಹೋಗಿದ್ದಳು. ಮಗಳು ಕೈ ಹಿಡಿದು ಎಳೆಯುತ್ತಿದ್ದಳು. ಆಕೆ ಹೊಸ್ತಿಲಲ್ಲಿ ನಿಂತು, ನನ್ನ ಕಡೆ ಬೆರಳು ತೋರಿಸಿ, ಮಗಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ನಕ್ಕರು. ಆಮೇಲೆ ಇಬ್ಬರೂ ಬಿಸಿಲಿಗೆ ಇಳಿದರು. ಹೈದರಾಬಾದಿನಿಂದ ಆಕೆ ಜೀವಂತ ತಿರುಗಿ ಬರಲಿಲ್ಲ.

ಏನು ಹೇಳಿದಳು ಅಂತ ಮಗಳನ್ನು ಆಮೇಲೆ ಕೇಳಿದೆ. ನೆನಪಿಲ್ಲ ಅಂದಳು. ಅದೂ ಆಕೆಯ ಹತ್ತಿರವೇ ಉಳಿಯಿತು.